ಮಾದೇವ ನೂಕಿದರೆ ಮಾತ್ರ ಹೊರಡುತ್ತಿದ್ದ ಕಾರು

ದೆವ್ವ, ಮಾಟ, ನೋಟ ಎಂದು ಯಾರಾದರೂ ನನ್ನೆದುರು ಶುರು ಮಾಡಿದರೆ ನಾನು ಅವರನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಕೆಲಸ. ಲೈನಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಹಿರೇಗುತ್ತಿಯಲ್ಲಿ ಒಂದು ಮನೆಯ ಯಜಮಾನರು ತೀರಿಕೊಂಡ ಮೇಲೆ ದಿನಾ ಮಧ್ಯಾಹ್ನ ಅವರ ಫೋನು ತಾನಾಗಿ ಗಂಟೆ ಹೊಡೆಯುತ್ತಿತ್ತು. ಎತ್ತಿದರೆ ಆ ಕಡೆ ಯಾರೂ ಇಲ್ಲ. ಮನೆಯವರು ಹೆದರಿ ಫೋನಿನ ಮೇಲೆ ಕುಂಕುಮ ಹಾಕಿಟ್ಟಿದ್ದರು. ನಾನು ಹೋಗಿ ನೋಡಿದರೆ ಮಧ್ಯಾಹ್ನ ಕಡಲ ಗಾಳಿ ಏಳುವ ಹೊತ್ತಿಗೆ ತೆಂಗಿನ ಗರಿಯೊಂದು ವಯರಿಗೆ ಉಜ್ಜುತ್ತಿತ್ತು. ಗರಿ ಕಡಿಸಿದೆ, ಯಜಮಾನರು ಫೋನು ಮಾಡುವುದನ್ನು ನಿಲ್ಲಿಸಿದರು. ಈ ಕಥೆಯನ್ನು ಎಷ್ಟು ಕಡೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

ಈಗ ಹೇಳಹೊರಟಿರುವುದನ್ನು ಮಾತ್ರ ಯಾರಿಗೂ ಹೇಳಿ ನಗಿಸಿಲ್ಲ. ನನ್ನ ಹೆಂಡತಿಗೂ ಪೂರ್ತಿ ಹೇಳಿಲ್ಲ. ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ಇದರಲ್ಲಿ ನಂಬಲು ಕಷ್ಟವಾಗುವ ಭಾಗ ಒಂದಿದೆ, ಸುಲಭವಾಗಿ ನಂಬಬಹುದಾದ ಭಾಗ ಒಂದಿದೆ. ನನಗೆ ನಾಚಿಕೆಯಾಗುವುದು ಸುಲಭದ ಭಾಗದ ಬಗ್ಗೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಹೊಳನಗದ್ದೆಯಲ್ಲಿ. ಭಟ್ಕಳದಲ್ಲಿ ಒಬ್ಬರು ಮನೆಮಂದಿಯೆಲ್ಲ ದುಬೈಗೆ ಹೊರಟಾಗ ಅವರ ಹಳೆಯ ಪೆಟ್ರೋಲ್ ಕಾರನ್ನು ನಾನು ಕೊಂಡೆ. ಆಗ ನಮ್ಮ ಕಡೆ ರಸ್ತೆಯಲ್ಲಿ ಕಾಣುತ್ತಿದ್ದ ಹಳೆಯ ಕಾರುಗಳಲ್ಲಿ ಎರಡೇ ಜಾತಿ. ನನ್ನದು ಅದರಲ್ಲಿ ದೊಡ್ಡ ಹೊಟ್ಟೆಯದು, ಬೂದಿ ಬಣ್ಣ. ನಮ್ಮ ಕೇರಿಗೆ ಅದು ಮೊದಲ ಕಾರು. ಹಾಗಾಗಿ ಮೆರವಣಿಗೆಯಲ್ಲಿ ತರುವುದೊಂದು ಬಾಕಿ.

ಕಾರನ್ನು ಒಪ್ಪಿಸಿಕೊಟ್ಟವರು ಭಟ್ಕಳದ ಒಬ್ಬ ಮುದಿ ಮೆಕ್ಯಾನಿಕ್ಕು. ಊರಿಗೆಲ್ಲ ಅವರು ಮಾಮು. ಆ ಕಾರು ಹೊಸದಿದ್ದಾಗಿನಿಂದ ಅವರ ಕೈಯಲ್ಲೇ ರಿಪೇರಿಯಾದದ್ದು. ಅವತ್ತು ಅವರು ಬಾನೆಟ್ಟು ಎತ್ತಿ ನನಗೊಂದು ಉಪಾಯ ಹೇಳಿಕೊಟ್ಟರು. ಎಂಜಿನ್ನಿನ ಪಕ್ಕ ಡಿಸ್ಟ್ರಿಬ್ಯೂಟರ್ ಎಂದು ಒಂದು ಕಪ್ಪು ಮುಚ್ಚಳದ ಡಬ್ಬಿ ಇರುತ್ತದೆ. ಎರಡು ಕ್ಲಿಪ್ಪು ಬಿಡಿಸಿ ಮುಚ್ಚಳ ತೆಗೆದರೆ ಒಳಗೆ ಹೆಬ್ಬೆರಳಿನಷ್ಟು ಒಂದು ಸಾಮಾನು. ಅದಕ್ಕೆ ರೋಟರ್ ಎನ್ನುತ್ತಾರೆ. ಅದು ತಿರುಗಿ ಪ್ಲಗ್ಗುಗಳಿಗೆ ಒಂದೊಂದಾಗಿ ಕಿಡಿ ಹಂಚಬೇಕು. ಮಾಮು ಅದನ್ನು ಮೇಲಕ್ಕೆಳೆದು ನನ್ನ ಅಂಗೈಯಲ್ಲಿಟ್ಟು ಹೇಳಿದರು:

"ಸಾಹೇಬ್ರೇ, ಹೊರಗಡೆ ಗಾಡಿ ನಿಲ್ಲಿಸುವಾಗ ಇದೊಂದು ಕಿಸೆಗೆ ಹಾಕ್ಕೊಂಡ್ರೆ ಆತು. ಚಾವಿ ಇದ್ರೂ ಚಾಲೂ ಆಗೂದಿಲ್ಲ, ಹತ್ತು ಜನ ನೂಕಿದ್ರೂ ಆಗೂದಿಲ್ಲ. ಕಳ್ಳ ಸುಸ್ತಾಗಿ ಬಿಟ್ಟು ಹೋಗ್ತಾನೆ."

ಹಳೆಯ ಡ್ರೈವರುಗಳಿಗೆಲ್ಲ ಗೊತ್ತಿದ್ದ ವಿದ್ಯೆ. ನಮ್ಮ ಕೇರಿಯಲ್ಲಿ ಕಾರು ಕದಿಯುವವರು ಯಾರೂ ಇರಲಿಲ್ಲ. ನಾನು ಆ ವಿದ್ಯೆಯನ್ನು ಬಳಸಿದ್ದು ಒಂದೇ ಸಲ.

ನಮ್ಮ ಬೇಲಿಯಾಚೆ ಮಾದೇವನ ಮನೆ. ಅವನು, ಅವನ ತಾಯಿ ನಾಗಮ್ಮ, ಇಬ್ಬರೇ. ಮಳೆಗಾಲದಲ್ಲಿ ಭತ್ತ, ಗದ್ದೆ ಕೊಯ್ದ ಮೇಲೆ ಅದೇ ಮರಳು ನೆಲದಲ್ಲಿ ಈರುಳ್ಳಿ. ನಮ್ಮ ಕಡೆಯ ಸಿಹಿ ಈರುಳ್ಳಿಯನ್ನು ದಂಟು ಸಮೇತ ಜಡೆ ಹೆಣೆದು ಹೆದ್ದಾರಿಯ ಬದಿಗೆ ತೂಗುಹಾಕಿ ಮಾರುವುದನ್ನು ನೀವೂ ನೋಡಿರಬಹುದು. ನಾಗಮ್ಮನ ಜಡೆ ಎಂದರೆ ಒಂದು ಗಡ್ಡೆ ಹೆಚ್ಚು ಕಡಿಮೆ ಇರುತ್ತಿರಲಿಲ್ಲ. ಪ್ರತಿ ವರ್ಷ ಮೊದಲ ಜಡೆಯನ್ನು ನಮ್ಮ ಅಡುಗೆಮನೆಯ ಬಿದಿರು ಗಳುವಿಗೆ ಅವಳೇ ಬಂದು ಕಟ್ಟಿ ಹೋಗುತ್ತಿದ್ದಳು. ಇನ್ನು ಮಾದೇವನೆಂದರೆ ನನ್ನ ಕಾರಿನ ಅರ್ಧ ಎಂಜಿನ್ನು. ಬ್ಯಾಟರಿ ಇಳಿದ ದಿನ ಹಿಂದಿನಿಂದ ನೂಕಲು ಕರೆಯುವ ಮೊದಲೇ ಬಂದಿರುತ್ತಿದ್ದ. ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ, "ಬಾ ತಾಯಿ, ಬಾ" ಎಂದು ಕಾರಿಗೇ ಹೇಳುತ್ತ ನೂಕುತ್ತಿದ್ದ.

ಅದು ಏಪ್ರಿಲ್ ತಿಂಗಳು. ಮರುದಿನ ಹೊನ್ನಾವರದಲ್ಲಿ ನನ್ನ ಹೆಂಡತಿಯ ತಂಗಿಯ ನಿಶ್ಚಿತಾರ್ಥ. ಮಾವನ ಮನೆಯವರ ಎದುರು ಕಾರಿನಿಂದ ಇಳಿಯಬೇಕೆಂಬ ಚಪಲ ನನಗೆ. ಅದಕ್ಕಾಗಿಯೇ ಭಟ್ಕಳಕ್ಕೆ ಹೋಗಿ ಕೆನೆ ಬಣ್ಣದ ಹೊಸ ಸೀಟ್ ಕವರು ಹೊಲಿಸಿ ತಂದು, ಆ ದಿನ ರಜೆ ಹಾಕಿ, ಅಂಗಳದಲ್ಲಿ ಕೂತು ಹಾಕಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು, ನಾಗಮ್ಮನಿಗೆ ಬೆಳಗಿನಿಂದ ವಾಂತಿಭೇದಿಯಂತೆ, ಏನು ಕೊಟ್ಟರೂ ನಿಲ್ಲುತ್ತಿಲ್ಲವಂತೆ ಎಂದು. ನಾನು ಪಾಪ ಎಂದೆ.

ಊಟ ಮುಗಿಸಿ ಕಾರಿನ ಹತ್ತಿರ ನಿಂತಿದ್ದೆ. ಮಾದೇವ ಈರುಳ್ಳಿ ಸಾಲುಗಳ ನಡುವೆ ಓಡಿ ಬರುತ್ತಿರುವುದು ಕಾಣಿಸಿತು. ಏಕೆ ಬರುತ್ತಿದ್ದಾನೆಂದು ನನಗೆ ಗೊತ್ತಾಯಿತು. ಅವನು ಬೇಲಿ ತಲುಪಲು ಇನ್ನೂ ಒಂದು ನಿಮಿಷವಿತ್ತು. ನಾನು ಬಾನೆಟ್ಟು ಎತ್ತಿದೆ, ಎರಡು ಕ್ಲಿಪ್ಪು ಬಿಡಿಸಿದೆ, ರೋಟರನ್ನು ಎಳೆದು ಅಂಗಿಯ ಕಿಸೆಗೆ ಹಾಕಿದೆ, ಮುಚ್ಚಳ ಮೊದಲಿನಂತೆ ಕೂರಿಸಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಯೋಚಿಸದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ಯೋಚಿಸಿಯೇ ಮಾಡಿದ್ದು. ಕೆನೆ ಬಣ್ಣದ ಸೀಟಿನ ಮೇಲೆ ವಾಂತಿ ಮಾಡುವ ಮುದುಕಿಯನ್ನು ಕಣ್ಣಿಗೆ ತಂದುಕೊಂಡೇ ಮಾಡಿದ್ದು.

"ಅಣ್ಣಾ, ಆಯಿ ಈಗ ಕಣ್ಣೇ ಬಿಡೂದಿಲ್ಲ. ಕುಮಟೆಗೆ ಒಂದು ಬಿಟ್ಟು ಬರುವನಾ?" ಎಂದ ಮಾದೇವ, ಏದುಸಿರಿನಲ್ಲಿ.

"ಎಂತ ಮಾಡೂದು ಮಾರಾಯ, ಬೆಳಗಿಂದ ಇದು ಚಾಲೂನೇ ಆಗ್ತಾ ಇಲ್ಲ" ಎಂದೆ. ಎಂದದ್ದಷ್ಟೇ ಅಲ್ಲ, ಒಳಗೆ ಕೂತು ಚಾವಿ ತಿರುಗಿಸಿ ತೋರಿಸಿದೆ. ಎಂಜಿನ್ನು ಗರಗರ ತಿರುಗಿತು, ಹಿಡಿಯಲಿಲ್ಲ.

ಮನೆಯಲ್ಲಿ ಫೋನಿತ್ತು. ಕುಮಟೆಯ ಟ್ಯಾಕ್ಸಿ ಸ್ಟ್ಯಾಂಡಿಗೆ ಫೋನು ಮಾಡಿದೆ. ಇದ್ದ ಗಾಡಿಗಳೆಲ್ಲ ಬಾಡಿಗೆಗೆ ಹೋಗಿವೆ, ಒಂದು ಗಂಟೆಯಾದರೂ ಆಗುತ್ತದೆ ಎಂದರು. ಹೊರಗೆ ಬಂದು ಹೇಳಿದಾಗ ಮಾದೇವ ಆಗಲೇ ಕಾರಿನ ಹಿಂದೆ ನಿಂತಿದ್ದ.

"ಅಷ್ಟೊತ್ತು ಕಾಯೂಕೆ ಆಗೂದಿಲ್ಲ ಅಣ್ಣಾ. ನೀವು ಒಳಗೆ ಕುಂತ್ಕಳಿ. ನಾ ನೂಕ್ತೆ."

ಆಗಲಾದರೂ ಹೇಳಬಹುದಿತ್ತು. ಬಾನೆಟ್ಟು ಎತ್ತಿ, ಏನೋ ಸಡಿಲವಾಗಿತ್ತು ಎಂದು ಸುಳ್ಳಿನ ಮೇಲೊಂದು ಸುಳ್ಳು ಹೇಳಿ ರೋಟರ್ ಹಾಕಿಬಿಡಬಹುದಿತ್ತು. ಅದಕ್ಕೂ ಮಾನ ಅಡ್ಡ ಬಂತು. ಒಳಗೆ ಕೂತೆ. ಆ ಉರಿಬಿಸಿಲಿನಲ್ಲಿ, ಬರಿಗಾಲಿನಲ್ಲಿ, ಮರಳು ರಸ್ತೆಯಲ್ಲಿ ಅವನು ಕಾರನ್ನು ಕೇರಿಯ ತುದಿಯ ತನಕ ನೂಕಿದ. ಹಿಡಿಯಲಿಲ್ಲ. ತಿರುಗಿಸಿ ಮತ್ತೆ ಇತ್ತ ನೂಕಿದ. "ಬಾ ತಾಯಿ, ಬಾ ತಾಯಿ" ಎನ್ನುತ್ತಿದ್ದವನ ದನಿ ಆಮೇಲಾಮೇಲೆ ಅಳುವಂತಾಯಿತು. ನಾನು ಸ್ಟೇರಿಂಗ್ ಹಿಡಿದು, ಎರಡನೇ ಗೇರಿಗೆ ಹಾಕಿ, ಕ್ಲಚ್ಚು ಬಿಡುತ್ತ ಒತ್ತುತ್ತ ನಾಟಕ ಮಾಡಿದೆ. ಪ್ರತಿ ಸಲ ಕಾರು ಕುಲುಕಿದಾಗಲೂ ಕಿಸೆಯೊಳಗಿನ ರೋಟರ್ ಎದೆಗೆ ತಾಗುತ್ತಿತ್ತು.

ಹೀಗೆ ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ಅವನು ತಾಯಿಯನ್ನು ಎತ್ತಿಕೊಂಡೇ ದೊಡ್ಡ ರಸ್ತೆಗೆ ಓಡಿದ. ಮೀನಿನ ಟೆಂಪೋ ಒಂದು ಸಿಕ್ಕಿತಂತೆ. ಸಂಜೆ ಐದಕ್ಕೆ ಆಸ್ಪತ್ರೆಯಲ್ಲಿ ನಾಗಮ್ಮ ಹೋದಳು. ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಎಲ್ಲರಿಗೂ ಹಾಗೆ ಹೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ರಾತ್ರಿ ಮಾತಾಡಿಸಲು ಹೋದಾಗ ಮಾದೇವ ನನ್ನ ಕೈ ಹಿಡಿದು, "ನಿಮ್ಮ ತಪ್ಪೆಂತ ಇದೆ ಅಣ್ಣಾ ಇದರಲ್ಲಿ, ಗಾಡಿ ಕೈ ಕೊಟ್ಟರೆ" ಎಂದ.

ಮರುದಿನದ ನಿಶ್ಚಿತಾರ್ಥಕ್ಕೆ ನಾವು ಹೋದದ್ದು ಬಸ್ಸಿನಲ್ಲಿ. ಕಾರು ಚಾಲೂ ಆಗಿಬಿಟ್ಟರೆ ನನ್ನ ಸುಳ್ಳು ಬಯಲಾಗುತ್ತದಲ್ಲ! ಹೊಸ ಸೀಟು ಅಂಗಳದಲ್ಲಿ ಚೊಕ್ಕವಾಗಿಯೇ ಉಳಿಯಿತು. ಮೂರು ದಿನ ಬಿಟ್ಟು, ಕುಮಟೆಯಿಂದ ಮೆಕ್ಯಾನಿಕ್ಕು ಬಂದು ಸರಿ ಮಾಡಿದ ಎಂದು ಊರಿಗೆ ಹೇಳಿ, ಯಾರೂ ಇಲ್ಲದಾಗ ರೋಟರನ್ನು ಅದರ ಜಾಗದಲ್ಲಿ ಕೂರಿಸಿದೆ. ಅವತ್ತು ಹಾಕಿದ್ದ ನೀಲಿ ಗೆರೆಯ ಅಂಗಿಯನ್ನು, ಅದು ಒಗೆದು ಇಸ್ತ್ರಿಯಾಗಿ ಬಂದ ಮೇಲೆ, ಟ್ರಂಕಿನ ತಳಕ್ಕೆ ಹಾಕಿದೆ. ಆಮೇಲೆ ಒಂದೂವರೆ ತಿಂಗಳು ಕಾರು ಚೆನ್ನಾಗಿಯೇ ಓಡಿತು.

ಜೂನಿನಲ್ಲಿ ಮಳೆ ಹಿಡಿದ ಮೊದಲ ವಾರ ಒಂದು ಬೆಳಿಗ್ಗೆ ಚಾವಿ ತಿರುಗಿಸಿದರೆ ಎಂಜಿನ್ನು ಗರಗರ ತಿರುಗಿತು, ಹಿಡಿಯಲಿಲ್ಲ. ಅದೇ ಸದ್ದು. ಬಾನೆಟ್ಟು ಎತ್ತಿದೆ. ಮುಚ್ಚಳ ತೆಗೆದು ನೋಡಿದೆ. ರೋಟರ್ ಇತ್ತು. ಒಣ ಬಟ್ಟೆಯಲ್ಲಿ ವಯರುಗಳನ್ನು ಒರೆಸಿದೆ. ಹಾದಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮನ್ನನ್ನೂ ಇನ್ನಿಬ್ಬರನ್ನೂ ಕರೆದು ನೂಕಿಸಿದೆ. ಕೇರಿಯ ತುದಿ ಮುಟ್ಟಿದರೂ ಇಲ್ಲ. ಆಗ ಗದ್ದೆಯ ಕಡೆಯಿಂದ ಮಾದೇವ ಬಂದ. ಅವರನ್ನು ಸರಿಸಿ ಒಬ್ಬನೇ ಕೈ ಇಟ್ಟು, "ಬಾ ತಾಯಿ" ಎಂದ. ಹತ್ತು ಹೆಜ್ಜೆಗೆ ಹಿಡಿದುಕೊಂಡಿತು.

ಮಳೆಗಾಲದ ಥಂಡಿ ಎಂದುಕೊಂಡೆ. ಮರುದಿನವೂ ಅದೇ ಆಯಿತು. ಅದರ ಮರುದಿನವೂ ಅಷ್ಟೇ. ವಿಚಿತ್ರವೆಂದರೆ ಎಕ್ಸ್‌ಚೇಂಜಿನಿಂದ ಸಂಜೆ ಹೊರಡುವಾಗ ಒಂದೇ ಚಾವಿಗೆ ಹೊರಡುತ್ತಿತ್ತು. ನಮ್ಮ ಅಂಗಳದಲ್ಲಿ, ಬೆಳಿಗ್ಗೆ ಮಾತ್ರ ಈ ಹಟ. ಯಾರು ನೂಕಿದರೂ ಹಿಡಿಯದ್ದು ಮಾದೇವ ಕೈ ಇಟ್ಟರೆ ಓಡುತ್ತಿತ್ತು. ಹೆಂಡತಿಯ ತಮ್ಮ ಗಟ್ಟಿ ಆಳು, ಕಬಡ್ಡಿ ಆಡುವವನು. ಅವನು ಎರಡು ಸುತ್ತು ನೂಕಿ ಉಸ್ಸೆಂದು ಕೂತ. ಯಾರಾದರೂ ಮಂತ್ರವಾದಿಯ ಹತ್ತಿರ ಒಂದು ನೋಟ ನೋಡಿಸಿ ಬಿಡಿ ಭಾವ, ಎಂದ. ವಯರು ನೋಡಿಸುತ್ತೇನೆ, ನೋಟ ನೋಡಿಸುವುದಿಲ್ಲ ಎಂದು ಅವನ ಬಾಯಿ ಮುಚ್ಚಿಸಿದೆ.

ದೋಷ ಹುಡುಕುವವನಿಗೆ ಒಂದು ಕ್ರಮವಿರುತ್ತದೆ. ಒಂದೊಂದೇ ಸಾಮಾನನ್ನು ಸಂಶಯದಿಂದ ಬಿಡಿಸುತ್ತ ಹೋದರೆ ಕೊನೆಗೆ ಉಳಿದದ್ದು ಕಳ್ಳ. ಪ್ಲಗ್ಗು ಬದಲಿಸಿದೆ. ಪಾಯಿಂಟು, ಕಾಯಿಲು, ವಯರು, ಬ್ಯಾಟರಿ ಎಲ್ಲ ಆಯಿತು. ಪೆಟ್ರೋಲ್ ಪಂಪು ಬಿಚ್ಚಿಸಿದೆ. ಹೊನ್ನಾವರದಲ್ಲಿ ಒಬ್ಬರು ಕಾರ್ಬೊರೇಟರ್ ತೊಳೆದುಕೊಟ್ಟರು. ಕುಮಟೆಯ ಗ್ಯಾರೇಜಿನವನು ಮೂರು ದಿನ ಇಟ್ಟುಕೊಂಡ. ಮೂರು ಬೆಳಿಗ್ಗೆಯೂ ಮೊದಲ ಚಾವಿಗೇ ಹೊರಟಿತಂತೆ. "ಗಾಡಿಗೆ ಎಂತ ಆಗಲಿಲ್ಲ, ನಿಮ್ಮ ಮನೆಯೇ ಅದಕ್ಕೆ ಆಗೂದಿಲ್ಲ ಕಾಣ್ತದೆ" ಎಂದು ನಕ್ಕ. ಮನೆಗೆ ತಂದೆ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಗರಗರ, ಮತ್ತೆ ಮಾದೇವ.

ಅವನು ಒಂದು ದಿನವೂ ಬೇಸರಿಸಲಿಲ್ಲ. ಅದೇ ನನಗೆ ಶಿಕ್ಷೆಯಾಗಿತ್ತು. ಕನ್ನಡಿಯಲ್ಲಿ ಅವನ ಬಗ್ಗಿದ ತಲೆ ಕಾಣಿಸುತ್ತಿತ್ತು. ಕಾರಿಗೆ ನೆವ ಸಿಗದಿರಲಿ, ಇವತ್ತಾದರೂ ಚಾವಿಗೆ ಹೊರಡಲಿ ಎಂದು ನಾನು ಬೆಳಿಗ್ಗೆ ಏಳುವಾಗಲೇ ಬೇಡಿಕೊಳ್ಳುತ್ತಿದ್ದೆ. ಬಸ್ಸಿಗೆ ಹೋಗಿಬಿಡುತ್ತೇನೆ ಎಂದರೆ, "ಗಾಡಿ ಇಟ್ಕಂಡು ಬಸ್ಸಿಗೆ ಎಂತಕ್ಕೆ ಹೋಗೂದು? ನಾ ಇದ್ದೆ ಅಲ್ದಾ" ಎಂದು ಅವನೇ ಬಂದು ನಿಲ್ಲುತ್ತಿದ್ದ.

ಮಳೆ ಮುಗಿಯಿತು, ಚಳಿ ಬಂತು. ಥಂಡಿಯ ನೆವವೂ ಹೋಯಿತು. ಸಾಮಾನುಗಳೆಲ್ಲ ನಿರಪರಾಧಿಗಳೆಂದು ಸಾಬೀತಾದ ಮೇಲೆ ನನ್ನ ತಲೆಗೆ ಏನು ಹೊಳೆಯಿತೆಂದು ಬರೆಯಲು ಕೈ ಹಿಂಜರಿಯುತ್ತದೆ. ಮಾದೇವನೇ ರಾತ್ರಿ ಬಂದು ಏನಾದರೂ ಮಾಡುತ್ತಿರಬಹುದೇ ಎಂದು ಅನುಮಾನಪಟ್ಟೆ. ಅವನಿಗೆ ಹೇಗೋ ನನ್ನ ಸುಳ್ಳು ಗೊತ್ತಾಗಿ, ದಿನಾ ನನ್ನನ್ನು ಹೀಗೆ ಕೂರಿಸಿ ನೂಕುತ್ತಿದ್ದಾನೆಯೇ? ಅವನ ತಾಯಿಯನ್ನು ನಾನು ಕೊಂಡೊಯ್ಯಲಿಲ್ಲ. ಕಳ್ಳನೆಂದು ಸಂಶಯಪಟ್ಟದ್ದು ಅವನನ್ನೇ.

ನಮ್ಮ ಇಲಾಖೆಯ ಪೆಟ್ಟಿಗೆಗಳಿಗೆ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತುತ್ತೇವೆ. ಕತ್ತರಿಸದೆ ಅದನ್ನು ತೆಗೆಯಲು ಬರುವುದಿಲ್ಲ. ಒತ್ತುವ ಇಕ್ಕಳ ನನ್ನ ಚೀಲದಲ್ಲೇ ಇತ್ತು. ಒಂದು ಶನಿವಾರ ಸಂಜೆ ಬಾನೆಟ್ಟು ಎತ್ತಿ, ಎಲ್ಲ ಸರಿಯಾಗಿದೆಯೆಂದು ನೋಡಿದೆ. ರೋಟರನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಆಮೇಲೆ ಬಾನೆಟ್ಟಿನ ಕೊಂಡಿಗೂ ಮುಂದಿನ ಜಾಲರಿಗೂ ತಂತಿ ಸುತ್ತಿ ಮುದ್ರೆ ಒತ್ತಿದೆ. ಮರುದಿನ ಭಾನುವಾರ ಭಟ್ಕಳಕ್ಕೆ ಹೋಗಿ ಮಾಮುವಿಗೇ ತೋರಿಸುವುದೆಂದು ತೀರ್ಮಾನಿಸಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಮುದ್ರೆ ಹಾಗೆಯೇ ಇತ್ತು. ಕಾರು ಹೊರಡಲಿಲ್ಲ. ಮಾದೇವ ಈರುಳ್ಳಿ ಸಸಿಗೆ ನೀರು ಹೊಯ್ಯುತ್ತಿದ್ದವನು ಕೊಡ ಇಟ್ಟು ಬಂದ.

"ಇದೆಂತ ಅಣ್ಣಾ, ತಂತಿ?"

"ಬಾನೆಟ್ಟು ಗಡಗಡ ಅಂತದೆ, ಅದಕ್ಕೆ ಕಟ್ಟಿದ್ದು" ಎಂದೆ. ಸುಳ್ಳು ಈಗ ಸಲೀಸಾಗಿ ಬರುತ್ತಿತ್ತು. ಅವನು ನೂಕಿದ, ಹಿಡಿದುಕೊಂಡಿತು. ಕನ್ನಡಿಯಲ್ಲಿ ಅವನು ಕೈ ಎತ್ತಿದ್ದು ಕಂಡಿತು.

ನಿಲ್ಲಿಸಿದರೆ ಮತ್ತೆಲ್ಲಿ ಕೈ ಕೊಡುತ್ತದೋ ಎಂದು ದಾರಿಯಲ್ಲಿ ಎಂಜಿನ್ನು ಬಂದ್ ಮಾಡಲೇ ಇಲ್ಲ. ಹೊನ್ನಾವರದಲ್ಲಿ ಚಹಾ ಕುಡಿಯಬೇಕೆನಿಸಿದರೂ ಇಳಿಯದೆ ಶರಾವತಿ ಸೇತುವೆ ದಾಟಿದೆ. ಎಂಜಿನ್ನು ಒಂದು ತಪ್ಪು ಸದ್ದೂ ಮಾಡಲಿಲ್ಲ. ಹನ್ನೊಂದರ ಹೊತ್ತಿಗೆ ಭಟ್ಕಳ ಮುಟ್ಟಿದೆ. ಮಾಮು ತಮ್ಮ ಗ್ಯಾರೇಜಿನ ಎದುರು ಸ್ಟೂಲಿನ ಮೇಲೆ ಕೂತಿದ್ದರು. ಕಾರು ತಿರುಗಿ ಒಳಗೆ ಬರುವುದನ್ನು ನೋಡಿ, ಕಿವಿಗೊಟ್ಟು ಕೇಳಿ, "ಆವಾಜ್ ಎಷ್ಟು ಚಂದ ಉಂಟು! ಎಂತ ತೊಂದರೆ?" ಎಂದರು. ನಾನು ಎಂಜಿನ್ನು ನಿಲ್ಲಿಸಿ, ಆರು ತಿಂಗಳ ಕಥೆ ಹೇಳಿದೆ. ಏಪ್ರಿಲ್ಲಿನದ್ದು ಹೇಳಲಿಲ್ಲ.

"ಈಗ ಚಾಲೂ ಮಾಡಿ ನೋಡುವ" ಎಂದರು.

ಚಾವಿ ತಿರುಗಿಸಿದೆ. ಗರಗರ ಅಂದಿತು, ಹಿಡಿಯಲಿಲ್ಲ. ಮನೆಯ ಅಂಗಳದ ಹೊರಗೆ ಅದು ಹೀಗೆ ಮಾಡಿದ್ದು ಅದೇ ಮೊದಲು. ಮಾಮು ಮುಂದೆ ಬಂದು ಸೀಸದ ಮುದ್ರೆ ನೋಡಿ ನಕ್ಕರು. ಗಾಡಿಯನ್ನೂ ಟೆಲಿಫೋನು ಮಾಡಿದ್ರಾ ಎಂದು ಕೇಳಿ, ಇಕ್ಕಳದಿಂದ ತಂತಿ ಕತ್ತರಿಸಿದರು. ಬಾನೆಟ್ಟು ಎತ್ತಿದರು. ಎರಡು ಕ್ಲಿಪ್ಪು ಬಿಡಿಸಿ ಮುಚ್ಚಳ ತೆಗೆದರು. ತೆಗೆದವರು ಅದನ್ನು ಕೈಯಲ್ಲೇ ಹಿಡಿದು ನಿಂತರು. ನಾನು ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದೆ.

ಒಳಗೆ ರೋಟರ್ ಇರಲಿಲ್ಲ.

ಅದಿಲ್ಲದೆ ಎಂಜಿನ್ನು ಒಂದು ಸುತ್ತೂ ಓಡುವುದಿಲ್ಲ. ಇದು ನಂಬಿಕೆಯ ವಿಷಯವಲ್ಲ, ಕಿಡಿ ಹೋಗಲು ಬೇರೆ ದಾರಿಯೇ ಇಲ್ಲ. ಮಾಮು ನನ್ನ ಮುಖ ನೋಡಿದರು. "ಇದನ್ನ ಕಟ್ಟಿ ಎಳಕೊಂಡು ಬಂದದ್ದಲ್ಲವಲ್ಲ?" ಎಂದರು. ಆಮೇಲೆ ತಮಗೆ ತಾವೇ, "ಅಲ್ಲ, ನಾನೇ ನೋಡಿದೆ. ಓಡಿಕೊಂಡೇ ಬಂತು" ಎಂದರು. ಕೆಳಗೆ ಬಿದ್ದಿರಬಹುದೇ ಎಂದು ಟಾರ್ಚು ಹಾಕಿ ಹುಡುಕಿದರು. ಬೀಳುವ ಸಾಮಾನಲ್ಲ ಅದು, ಮುಚ್ಚಳವೂ ಮುಚ್ಚಿತ್ತು. ಕೊನೆಗೆ, ಯಾವ ಡ್ರೈವರಿಗೂ ಕೇಳುವಂತೆ ಸಹಜವಾಗಿ ಕೇಳಿದರು:

"ಕಿಸೆ ಒಂದು ನೋಡಿಕೊಳ್ಳಿ ಸಾಹೇಬ್ರೇ. ಎಲ್ಲಾದ್ರೂ ತೆಗೆದು ಹಾಕ್ಕೊಂಡು ಮರೆತಿದ್ರೆ?"

ಇಲ್ಲ ಎನ್ನುತ್ತಲೇ ಕೈ ಕಿಸೆಗೆ ಹೋಯಿತು. ಆಗ ನಾನು ನನ್ನ ಅಂಗಿಯನ್ನು ನೋಡಿಕೊಂಡೆ. ನೀಲಿ ಗೆರೆಯದು. ಬೆಳಿಗ್ಗೆ ಹೆಂಡತಿ ತೆಗೆದಿಟ್ಟದ್ದನ್ನು, ಕಾರಿನ ತಲೆಬಿಸಿಯಲ್ಲಿ, ಯಾವುದೆಂದೂ ನೋಡದೆ ಹಾಕಿಕೊಂಡು ಬಂದಿದ್ದೆ. ಕಿಸೆಯಲ್ಲಿ ಪೆನ್ನಿತ್ತು, ಅದರ ಕೆಳಗೆ ರೋಟರ್ ಇತ್ತು.

ಅದನ್ನು ತೆಗೆದು ಮಾಮುವಿಗೆ ತೋರಿಸಿದೆ. ಮಾಮು ಸ್ಟೂಲು ತಂದು ಕೂರಿಸಿ ನೀರು ಕೊಟ್ಟರು. ಆ ಹೊತ್ತಿನಲ್ಲಿ ಅವರಿಗೆ ಎಲ್ಲ ಹೇಳಿಬಿಟ್ಟೆ. ಸೀಟ್ ಕವರಿನದ್ದು, ನಾಗಮ್ಮನದ್ದು, ಮಾದೇವ ನೂಕಿದ್ದು, ಎಲ್ಲವನ್ನೂ. ಅವರು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸುತ್ತ ಒರೆಸುತ್ತ ಕೇಳಿದರು. ಕೈ ಚೊಕ್ಕವಾದ ಮೇಲೂ ಒರೆಸುತ್ತಲೇ ಇದ್ದರು.

"ನಾನು ಕಳ್ಳರಿಗೆ ಅಂತ ಹೇಳಿಕೊಟ್ಟಿದ್ದೆ" ಎಂದರು ಕೊನೆಗೆ.

ಇದು ಹೇಗಾಯಿತು ಮಾಮು ಎಂದು ಕೇಳಿದೆ. ಅವರು ತಲೆಯಾಡಿಸಿದರು. "ನಾನು ಗಾಡಿ ರಿಪೇರಿ ಮಾಡುವವ. ಗಾಡಿಗೆ ಎಂತ ಆಗಿಲ್ಲ." ರೋಟರನ್ನು ನನ್ನ ಕೈಯಿಂದ ತೆಗೆದುಕೊಳ್ಳಲು ಅವರೂ ಒಂದು ಗಳಿಗೆ ತಡೆದರು. ಆಮೇಲೆ ತಮ್ಮ ಡಬ್ಬಿಯಿಂದ ಬೇರೆಯೊಂದನ್ನು ಹುಡುಕಿ ಹಾಕಿದರು. ಚಾವಿಗೆ ಹೊರಟಿತು. ಹಳೆಯದನ್ನು ಅಲ್ಲಿಯೇ ಬಿಟ್ಟು ಹೋಗುತ್ತೇನೆಂದೆ. "ಬೇಡ, ಕೊಂಡು ಹೋಗಿ. ತೋರಿಸಬೇಕಾದವರಿಗೆ ತೋರಿಸಿ" ಎಂದರು.

ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಲ್ಲಿ ಉರುಹೊಡೆದುಕೊಂಡು ಬಂದೆ: ಮಾದೇವ, ಅವತ್ತು ಇದು ನನ್ನ ಕಿಸೆಯಲ್ಲಿತ್ತು. ಇಷ್ಟೇ ಮಾತು. ಹೊನ್ನಾವರದಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ, ಕುಮಟೆಯಲ್ಲಿ ಮತ್ತೊಮ್ಮೆ ಹೇಳಿದೆ. ಊರು ಮುಟ್ಟುವಾಗ ಇಳಿಹೊತ್ತು. ಮಾದೇವ ಬೇಲಿಯ ಹತ್ತಿರವೇ ಕಾಯುತ್ತಿದ್ದ.

"ಎಂತ ಆಗಿತ್ತಂತೆ ಅಣ್ಣಾ?"

"ಒಂದು ಸಾಮಾನು" ಎಂದೆ. ಕೈ ಚಾಚಿ ರೋಟರ್ ತೋರಿಸಿದೆ.

ಅವನು ಅದನ್ನು ತನ್ನ ಮಣ್ಣು ಮೆತ್ತಿದ ಅಂಗೈಗೆ ಹಾಕಿಕೊಂಡು ತಿರುವಿ ತಿರುವಿ ನೋಡಿದ. "ಇಷ್ಟೇಯಾ? ಇದು ಇಲ್ಲದಿದ್ರೆ ಚಾಲೂ ಆಗೂದಿಲ್ಲವಾ?"

"ಆಗೂದಿಲ್ಲ."

"ಅವತ್ತು... ಆಯಿ ಹೋದ ದಿವಸ, ಇದರದ್ದೇ ತೊಂದರೆಯಾ?"

ಹೌದು ಎಂದೆ. ಕಿಸೆಯ ಮಾತು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕೇಳಿದ:

"ಹಂಗಾದ್ರೆ ನಾ ಎಷ್ಟು ನೂಕಿದ್ರೂ ಆಗ್ತಿರಲಿಲ್ಲ?"

"ಹತ್ತು ಜನ ನೂಕಿದ್ರೂ ಆಗ್ತಿರಲಿಲ್ಲ" ಎಂದೆ.

ಮಾದೇವ ಬೇಲಿಗೂಟ ಹಿಡಿದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಅಳುತ್ತಿದ್ದಾನೆಂದು ತಿಳಿಯಿತು. "ನಾ ಗಟ್ಟಿ ನೂಕಲಿಲ್ಲ ಅಂದ್ಕಂಡಿದ್ದೆ ಅಣ್ಣಾ" ಎಂದ. "ಬೆಳಗಿಂದ ಉಂಡಿರಲಿಲ್ಲ, ಕೈಯಲ್ಲಿ ಬಲ ಇರಲಿಲ್ಲ. ಇನ್ನೊಂದು ಸ್ವಲ್ಪ ಗಟ್ಟಿ ನೂಕಿದ್ರೆ ಆಯಿ ಉಳೀತಿದ್ಲು ಅಂತ ಇಷ್ಟು ದಿವಸ... ದಿನಾ ಬೆಳಗಾತು ಅಂದ್ರೆ ಅದೇ. ನಾ ನೂಕಿದ್ದಕ್ಕೆ ಈಗ ಚಾಲೂ ಆಗ್ತದೆ, ಅವತ್ತೇ ಎಂತಕ್ಕೆ ಆಗಲಿಲ್ಲ ಅಂತ." ಎದ್ದು ಮುಖ ಒರೆಸಿಕೊಂಡ. ರೋಟರನ್ನು ನನ್ನ ಕೈಯಲ್ಲಿಟ್ಟು, ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿದ. "ದೊಡ್ಡ ಉಪಕಾರ ಆತು ಅಣ್ಣಾ, ಹೇಳಿದ್ದು" ಎಂದ.

ಅದು ಎಲ್ಲಿತ್ತೆಂದು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಚಾವಿ ತಿರುಗಿಸಿದೆ. ಮೊದಲ ಸಲಕ್ಕೇ ಹೊರಟಿತು. ಕನ್ನಡಿಯಲ್ಲಿ ಹಿಂದೆ ಯಾರೂ ಇರಲಿಲ್ಲ. ಮಾದೇವ ಬೇಲಿಯ ತನಕವೂ ಬರದೆ ಈರುಳ್ಳಿ ಸಾಲಿನಲ್ಲೇ ನಿಂತು ಸದ್ದು ಕೇಳಿ, ಆತಲ್ಲ ಎಂಬಂತೆ ಕೈ ಎತ್ತಿದ. ಮಾರುವ ತನಕ ಆ ಕಾರು ಒಂದು ದಿನವೂ ಹಟ ಮಾಡಲಿಲ್ಲ.

ಅಂಗಿಯ ಬಗ್ಗೆ ಹೆಂಡತಿಯನ್ನು ಕೇಳಿದ್ದೆ. ಟ್ರಂಕಿನಿಂದ ತೆಗೆದು ಕೊಡವಿ, ಮತ್ತೊಮ್ಮೆ ಇಸ್ತ್ರಿ ಹಾಕಿಯೇ ಇಟ್ಟಿದ್ದಳಂತೆ. ಕಿಸೆಯಲ್ಲಿ ಏನಿದ್ದರೂ ಗೊತ್ತಾಗುತ್ತಿರಲಿಲ್ಲವೇ ಎಂದು ನನಗೇ ತಿರುಗಿ ಕೇಳಿದಳು. ನಾನೇ ನಿದ್ದೆಯಲ್ಲಿ ಎದ್ದು ತೆಗೆದಿರಬಹುದು ಎಂದುಕೊಂಡರೆ ಸೀಸದ ಮುದ್ರೆ ಅಡ್ಡ ಬರುತ್ತದೆ. ಮುದ್ರೆಯನ್ನೂ ನಾನೇ ಕತ್ತರಿಸಿ ಮತ್ತೆ ಒತ್ತಿದೆ ಎಂದುಕೊಂಡರೂ, ಹೊಳನಗದ್ದೆಯಿಂದ ಭಟ್ಕಳದ ತನಕ ಎಂಜಿನ್ನು ಓಡಿದ್ದು ಯಾವುದರ ಮೇಲೆ? ಇಷ್ಟು ವರ್ಷ ಪ್ರತಿ ತಂತಿಯನ್ನೂ ಹಿಡಿದು ಹುಡುಕಿದ್ದೇನೆ. ಇದರಲ್ಲಿ ತಂತಿ ಎಲ್ಲಿ ತುಂಡಾಗಿದೆಯೆಂದು ನನಗೆ ಸಿಕ್ಕಿಲ್ಲ.

ಮಾದೇವನಿಗೆ ಈಗ ಮದುವೆಯಾಗಿದೆ, ಎರಡು ಮಕ್ಕಳಿದ್ದಾರೆ. ಈರುಳ್ಳಿಯನ್ನು ಈಗಲೂ ಬೆಳೆಯುತ್ತಾನೆ. ಪ್ರತಿ ವರ್ಷ ಏಪ್ರಿಲ್ಲಿನಲ್ಲಿ ಮೊದಲ ಜಡೆಯನ್ನು ಅವನೇ ತಂದು, ಆಯಿ ಕೊಡ್ತಿದ್ದಳಲ್ಲ ಅಣ್ಣಾ ಎಂದು ನಮ್ಮ ಅಡುಗೆಮನೆಯ ಗಳುವಿಗೆ ಕಟ್ಟುತ್ತಾನೆ. ನಾನು ಸ್ಟೂಲು ಹಿಡಿದುಕೊಂಡು ನಿಂತಿರುತ್ತೇನೆ. ಈ ವರ್ಷ ಹೇಳಿಬಿಡಬೇಕು ಎಂದುಕೊಂಡೇ ನಿಂತಿರುತ್ತೇನೆ. ಅವನು ಕಟ್ಟಿ, ಇಳಿದು, ಕೈ ಕೊಡವಿಕೊಂಡು ಬತ್ತೆ ಅಣ್ಣಾ ಎಂದು ಹೋಗುತ್ತಾನೆ. ಹೋಗಿ ಬಾ ಎನ್ನುತ್ತೇನೆ.